ಹದಿನೇಳು ಹೆಜ್ಜೆ

ಕಳಂಬೋಲಿಯ ಸ್ಟೀಲ್ ಮಾರ್ಕೆಟ್‌ನಲ್ಲಿ ವಿಜಯಪುರದ ಕಡೆಯ ಕಾಕಾ ಒಬ್ಬರದು ಸರಳು, ತಗಡಿನ ವ್ಯಾಪಾರ. 2017ರ ಜುಲೈ 1ರಿಂದ ಜಿಎಸ್‌ಟಿ. ಪನ್ವೇಲಿಗೆ ಹೋಗುವ ಮಾಲಿಗೆ ಕೇಂದ್ರದ್ದು ಶೇ. 9, ರಾಜ್ಯದ್ದು ಶೇ. 9. ಅದೇ ಮಾಲು ರಾಜ್ಯ ದಾಟಿ ಬೆಳಗಾವಿಗೆ ಹೊರಟರೆ ಒಟ್ಟಿಗೆ ಶೇ. 18 ಐಜಿಎಸ್‌ಟಿ. ಹಳೆಯ ಬಿಲ್ಲಿನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ. "ಸರ್ರ, ಹೊಸಾ ಸಾಫ್ಟ್‌ವೇರ್ ಹಾಕೂದೈತಿ, ಏನೇನ್ ಮಾಡಬೇಕ್ರಿ?" ಅಂತ ಕೇಳಿದರು.

ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ನಾನು ಎರಡು ಹಾಳೆ ತುಂಬಿಸಿದೆ. ಟೆಂಪ್ ಫೈಲ್ ಅಳಿಸಿ, ರಿಜಿಸ್ಟ್ರಿ ಸ್ವಚ್ಛ ಮಾಡಿ, ಡಿಫ್ರ್ಯಾಗ್ ಮಾಡಿ, ಪೂರ್ತಿ ಸ್ಕ್ಯಾನ್ ಮಾಡಿ, ಆಂಟಿವೈರಸ್ ನಿಲ್ಲಿಸಿ... ಹದಿನೇಳು ಹೆಜ್ಜೆ. ಅವರ ವಿಂಡೋಸ್ 7 ಡಿಫ್ರ್ಯಾಗನ್ನು ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತಿತ್ತು. ರಿಜಿಸ್ಟ್ರಿಗೆ ಕೈ ಹಾಕಿದರೆ ಲಾಭಕ್ಕಿಂತ ಕೆಡುವ ಭಯವೇ ಹೆಚ್ಚು. ಎರಡೂ ನನಗೆ ಗೊತ್ತಿತ್ತು. ಆದರೂ ಬರೆದೆ.

ಜುಲೈ 4ಕ್ಕೆ ಅಂಗಡಿಗೆ ಹೋದೆ. ನನ್ನ ಹಾಳೆಗಳು ಮೇಜಿನ ಗಾಜಿನ ಕೆಳಗಿದ್ದವು. ಪ್ರತಿ ಹೆಜ್ಜೆಯ ಮುಂದೆ ಕೆಂಪು ಪೆನ್ನಿನ ಟಿಕ್. ಎಂಟರವರೆಗೆ. ಒಂಬತ್ತನೆಯದರ ಮುಂದೆ ಪೆನ್ನು ಊರಿ ತೆಗೆದ ಚುಕ್ಕೆ ಮಾತ್ರ. ಅದೇ ರಿಜಿಸ್ಟ್ರಿ. ನಾಲ್ಕು ದಿನದ ಬಿಲ್ಲುಗಳನ್ನು ಕಾಕಾ ಕಾರ್ಬನ್ ಇಟ್ಟು ಕೈಯಲ್ಲೇ ಬರೆದಿದ್ದರು. "ನನ್ನಿಂದ ಏನರ ಕೆಟ್ಟಗಿಟ್ಟೀತು ಅಂತ ಬಿಟ್ಟೇನ್ರಿ" ಅಂದರು. ಮೂವತ್ತು ವರ್ಷ ಟನ್ನುಗಟ್ಟಲೆ ಕಬ್ಬಿಣದ ಲೆಕ್ಕ ತಪ್ಪದೆ ಇಟ್ಟ ಮನುಷ್ಯ! ನಾನು ಕೂತು, ಅವರ ಡೇಟಾ ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಒತ್ತಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಅವತ್ತಿನಿಂದ ಆ ಕೆಂಪು ಚುಕ್ಕೆ ನನ್ನನ್ನು ಬಿಟ್ಟಿಲ್ಲ. ಕಾಳಜಿಯಿಂದ ಬರೆದೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ನಾಳೆ ಏನಾದರೂ ಕೆಟ್ಟರೆ "ನಾನು ಹೇಳಿದ್ದೆನಲ್ಲ" ಅನ್ನಲು ಒಂದು ಆಧಾರ ಬೇಕಿತ್ತು. ತಿಳಿದವನು ಅನ್ನಿಸಿಕೊಳ್ಳುವ ಆಸೆಯೂ ಇತ್ತು. ನನ್ನ ಭಯವನ್ನು ಹದಿನೇಳು ತುಂಡು ಮಾಡಿ ಅವರ ತಲೆಗೆ ಕಟ್ಟಿದ್ದೆ. ಮನೆಯಲ್ಲಿ ಮಗಳಿಗೂ ಹೀಗೇ ಉಪದೇಶ ಮಾಡುತ್ತೇನೆಯೇ ಎಂದು ಈಗ ತಡೆದು ನೋಡಿಕೊಳ್ಳುತ್ತೇನೆ. ಎಷ್ಟೋ ಸಲ ಹೌದು.

2025ರ ಅಕ್ಟೋಬರ್ 14ಕ್ಕೆ ಕಾಕಾ ಆಮೇಲೆ ಹಾಕಿಸಿಕೊಂಡಿದ್ದ ವಿಂಡೋಸ್ 10ರ ಬೆಂಬಲ ನಿಂತಿತು. ಹೊಸ ಮಷೀನು ತಂದ ಕಾಕಾ ಮತ್ತೆ ಕರೆದರು, ಡೈರಿ ಬಿಚ್ಚಿಕೊಂಡು ಕೂತರು.

"ಡೇಟಾ ಒಂದು ಕಾಪಿ ಇಟ್ಕೊಳ್ಳಿ ಕಾಕಾ. ಆಮೇಲೆ ಹಾಕಿಬಿಡಿ."

ಬರೆದುಕೊಂಡರು. "ಮುಂದರೀ?"

"ಅಷ್ಟೇ."

ಅವರು ಪೆನ್ನು ಮುಚ್ಚಲಿಲ್ಲ.