ಇಳಕಲ್ಲಿನಲ್ಲಿ ಮೂರು ವರ್ಷ

ಇಂಗ್ಲಿಷ್ ಭಾಷೆಯನ್ನು ಕಲಿಸುವುದಕ್ಕಾಗಿ ಸಮುದ್ರಗಳನ್ನು ದಾಟಿ, ಚೀನಾ ದೇಶದ ಕಾರ್ಖಾನೆಗಳ ಊರುಗಳಲ್ಲಿ ಹೋಗಿ ನೆಲಸುವ ಉಪಾಧ್ಯಾಯರ ಸಂಗತಿಯನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಊರಿನ ಮಾತು ಅವರಿಗೆ ತಿಳಿಯದು. ಅವರ ಮಾತು ಊರಿಗೆ ತಿಳಿಯದು. ನಾವಾದರೋ ಮೈಸೂರಿನಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ ಹೋದವರೇ ಹೊರತು ಕನ್ನಡ ನಾಡಿನ ಎಲ್ಲೆಯನ್ನು ದಾಟಿದವರಲ್ಲ. ಆದರೂ ಇಳಕಲ್ಲಿನಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿ ಕಳೆದ ಮೂರು ವರ್ಷಗಳಲ್ಲಿ ಮೊದಲನೆಯ ವರ್ಷವನ್ನು ನಾವು ಪರದೇಶಿಗಳಂತೆಯೇ ಕಳೆದೆವೆಂದು ಹೇಳಿದರೆ ಸುಳ್ಳಾಗದು.

೨೦೧೬ನೆಯ ಇಸವಿಯ ಜೂನ್ ತಿಂಗಳಲ್ಲಿ ನಾವು ಸಂಸಾರಸಮೇತರಾಗಿ ಹೊರಟೆವು. ಹುಬ್ಬಳ್ಳಿ ಗದಗುಗಳನ್ನು ಕಳೆದು, ಬಾದಾಮಿಯ ಕೆಂಪು ಕಲ್ಲಿನ ಬೆಟ್ಟಗಳ ಸೀಮೆಯನ್ನು ಹಾಯ್ದು, ಬಾಗಲಕೋಟೆಯಲ್ಲಿ ರೈಲಿನಿಂದ ಇಳಿದೆವು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಹಲವು ಓಣಿಗಳನ್ನು ನುಂಗಿದುದರಿಂದ, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರವು ಅಲ್ಲಿ ಪ್ರತ್ಯೇಕವಾಗಿಯೇ ಇದೆ. ಅಲ್ಲಿಂದ ಮುಂದೆ ಬಸ್ಸಿನ ದಾರಿ. ಅಮೀನಗಡದಲ್ಲಿ ಮಕ್ಕಳಿಗಾಗಿ ಪ್ರಸಿದ್ಧವಾದ ಕರದಂಟನ್ನು ಕೊಂಡು, ಹುನಗುಂದವನ್ನು ದಾಟಿ, ಸಂಜೆಯ ಹೊತ್ತಿಗೆ ಇಳಕಲ್ಲನ್ನು ಸೇರಿದೆವು. ಆಗ ಈ ಊರು ಹುನಗುಂದ ತಾಲ್ಲೂಕಿಗೆ ಸೇರಿದ್ದಿತು. ಈಗ ತಾನೇ ಒಂದು ತಾಲ್ಲೂಕಿನ ಮುಖ್ಯ ಸ್ಥಳವಾಗಿದೆ.

ನಮಗೆ ದೊರೆತ ಬಾಡಿಗೆಯ ಮನೆ ನೇಕಾರರ ಓಣಿಯಲ್ಲಿತ್ತು. ಮರುದಿನ ನಸುಕಿನಲ್ಲಿ ನಮ್ಮನ್ನು ಎಬ್ಬಿಸಿದುದು ಎರಡು ಸಪ್ಪಳಗಳು. ಒಂದು, ಮನೆಮನೆಯಲ್ಲಿಯೂ ಹೆಂಗಸರು ಜೋಳದ ರೊಟ್ಟಿಯನ್ನು ತಟ್ಟುವ ಸಪ್ಪಳ. ಇನ್ನೊಂದು ಮಗ್ಗದ ಸಪ್ಪಳ. ಮೊದಲ ವಾರದಲ್ಲಿ ಇವುಗಳಿಂದ ನಮಗೆ ನಿದ್ರೆ ಕೆಟ್ಟಿತು. ವರ್ಷ ಕಳೆಯುವುದರೊಳಗಾಗಿ, ಅಮಾವಾಸ್ಯೆಯ ದಿನ ಮಗ್ಗ ನಿಂತರೆ ಅದೇ ಕಾರಣದಿಂದ ಎಚ್ಚರವಾಗತೊಡಗಿತು. ಊರ ಹೊರಗೆ ಕೆಂಪು ಶಿಲೆಯ ಗಣಿಗಳಿವೆ. ಇಳಕಲ್ಲಿನ ಗ್ರಾನೈಟ್ ಎಂದು ಹೆಸರಾದ ಆ ಕಲ್ಲು ದೇಶಾಂತರಗಳಿಗೂ ಹೋಗುತ್ತದೆ. ಭಾರಿ ಬಂಡೆಗಳನ್ನು ಹೊತ್ತ ಲಾರಿಗಳು ಹಾದಾಗ ನಮ್ಮ ಮನೆಯ ಪಾತ್ರೆಗಳು ಗಲಗಲನೆ ಅಲುಗುತ್ತಿದ್ದವು.

ಶಾಲೆಯಲ್ಲಿ ನಮಗೆ ಒದಗಿದ ಪ್ರಥಮ ತೊಡಕು ಇಂಗ್ಲಿಷಿನದಲ್ಲ, ಕನ್ನಡದ್ದು. ಇಂಗ್ಲಿಷ್ ಪಾಠವನ್ನು ಓದಿ ಅದರ ಅರ್ಥವನ್ನು ನಮ್ಮ ಮೈಸೂರು ಕನ್ನಡದಲ್ಲಿ ಹೇಳುವೆವು. ಹುಡುಗರು ವಿನಯದಿಂದ ಕೇಳಿ, ಆ ಬಳಿಕ ನಮ್ಮ ಕನ್ನಡದ ಅರ್ಥವನ್ನು ತಮ್ಮತಮ್ಮೊಳಗೆ ಹೇಳಿಕೊಳ್ಳುವರು. ನಾವು 'ರಜ' ಎಂದುದು ಅವರಿಗೆ 'ಸೂಟಿ'. ನಮ್ಮ 'ಸ್ಕೂಲು' ಅವರಿಗೆ 'ಸಾಲಿ'. ಒಂದು ದಿನ ಒಬ್ಬ ಹುಡುಗನು ಎದ್ದು ನಿಂತು, "ಸರ, ನಿಮ್ಮ ಇಂಗ್ಲೀಷ್ ತಿಳೀತೈತ್ರಿ, ನಿಮ್ಮ ಕನ್ನಡನ ಸ್ವಲ್ಪ ಸಾವಕಾಶ ಹೇಳ್ರಿ" ಎಂದು ಬೇಡಿಕೊಂಡನು. ತರಗತಿಯೆಲ್ಲವೂ ನಕ್ಕಿತು, ನಾವೂ ನಕ್ಕೆವು. ಅಂದಿನಿಂದ ನಾವೂ ಕಲಿಯುವವರಾದೆವು. ನಮ್ಮ ಮನೆಯವರಂತೂ ನೆರೆಯ ಹೆಂಗಸರಿಂದ ರೊಟ್ಟಿ ಬಡಿಯುವುದನ್ನೂ, ಪುಂಡಿಪಲ್ಯ ಶೇಂಗಾ ಹಿಂಡಿಗಳನ್ನೂ, ಮಾತಿನ ಕೊನೆಗೊಂದು 'ರಿ'ಯನ್ನು ಸೇರಿಸುವುದನ್ನೂ ನಮಗಿಂತ ಬೇಗನೆ ಕಲಿತರು.

ಹತ್ತನೆಯ ತರಗತಿಯಲ್ಲಿ ಬುದ್ಧಿವಂತೆಯಾದ ಒಬ್ಬ ಹುಡುಗಿಯಿದ್ದಳು. ಆಕೆಯ ಹಾಜರಿಯಲ್ಲಿ ಮಾತ್ರ ಒಂದು ವಿಚಿತ್ರವಿತ್ತು. ಕೆಲವು ದಿನಗಳಿಗೊಮ್ಮೆ ತಪ್ಪದೆ ಒಂದು ದಿನ ಬರುತ್ತಿರಲಿಲ್ಲ. ಪರೀಕ್ಷೆ ಸಮೀಪಿಸುತ್ತಿದ್ದ ಕಾಲದಲ್ಲಿ ಹೀಗೆಯೇ ತಪ್ಪಿಸಿಕೊಂಡು ಬಂದ ಆಕೆಯನ್ನು ನಿಲ್ಲಿಸಿ, ಓದಿಗಿಂತ ಮನೆಯ ಕೆಲಸವೇ ದೊಡ್ಡದಾಯಿತೇ ಎಂದು ಎಲ್ಲರ ಮುಂದೆ ಕಟುವಾಗಿ ಆಡಿದೆವು. ಆಕೆ ತಲೆತಗ್ಗಿಸಿ ನಿಂತಳು. ಪಕ್ಕದ ಹುಡುಗಿಯೇ ಉತ್ತರ ಹೇಳಿದಳು: "ಸರ, ಅಕಿ ಮನ್ಯಾಗ ನಿನ್ನಿ ಕೊಂಡಿ ಹಾಕ್ಯಾರ್ರಿ." ಕೊಂಡಿ ಎಂದರೇನೆಂಬುದು ನಮಗೆ ತಿಳಿಯದು. ಕೇಳುವುದಕ್ಕೆ ಅಭಿಮಾನ ಅಡ್ಡ ಬಂದಿತು.

ಆ ಸಂಜೆ ಆಕೆಯ ಮನೆಗೆ ಹೋದೆವು. ನಡುಮನೆಯಲ್ಲಿ ಕುಣಿಮಗ್ಗ, ಕುಣಿಯಲ್ಲಿ ಕಾಲಿಳಿಬಿಟ್ಟು ತಂದೆ ನೇಯುತ್ತಿದ್ದನು, ತಾಯಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅಜ್ಜಿ ನಮ್ಮನ್ನು ಕಂಡು, "ಬರ್ರಿ ಗುರುಗಳ, ಕೂಡ್ರಿ" ಎಂದು ಚಾಪೆ ಹಾಸಿ, ನಾವು ಕೇಳಿದುದನ್ನೆಲ್ಲ ತಿಳಿಸಿದಳು. ಇಳಕಲ್ಲಿನ ಸೀರೆಯನ್ನು ಉಡುವ ನಮ್ಮ ಸೋದರಿಯರಲ್ಲಿಯೂ ಇದನ್ನರಿಯದವರು ಉಂಟಾಗಿರುವುದರಿಂದ ಇಲ್ಲಿ ಬರೆಯುತ್ತೇವೆ. ಈ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ಕೆಂಪು ರೇಷ್ಮೆಯದು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸಿ, ಎರಡು ಹಾಸುಗಳನ್ನೂ ಒಂದು ಮಾಡಬೇಕು. ಇದೇ ಕೊಂಡಿ. ಎಳೆಗಳೋ ಸಾವಿರಗಟ್ಟಲೆ. ಆದುದರಿಂದ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿಯೇ ಸಿದ್ಧಗೊಳಿಸಬೇಕಾಗುತ್ತದೆ. ಸೆರಗಿನಲ್ಲಿ ಬಿಳಿಯ ಬಣ್ಣದಿಂದ ಮೂಡುವ ಆಕೃತಿಗಳಿಗೆ ತೋಪತೆನಿ ಎಂದು ಹೆಸರು. ಅದನ್ನು ಗುಡಿಯ ಗೋಪುರವೆನ್ನುವವರುಂಟು, ಜೋಳದ ತೆನೆಯೆನ್ನುವವರುಂಟು.

"ನನ್ನ ಕಣ್ಣಿಗೆ ಈಗ ಎಳಿ ಕಾಣವಲ್ದು ಗುರುಗಳ, ಅಕಿ ಕಣ್ಣು ನನಗ ಬೇಕಾಗ್ಯಾವ" ಎಂದು ಅಜ್ಜಿ ಹೇಳಿದಳು. ಕೊಂಡಿ ಹಾಕುವ ದಿನ ಹುಡುಗಿ ಮನೆಯಲ್ಲಿಲ್ಲದಿದ್ದರೆ ಮಗ್ಗ ನಿಲ್ಲುವುದು. ಮಗ್ಗ ನಿಂತರೆ ಒಲೆ ನಿಲ್ಲುವುದು. ಮಗನು ಹಿಂದೆ ಕುಡಿತಕ್ಕೆ ಬಿದ್ದಿದ್ದನೆಂದೂ, ಆ ಚಟವನ್ನು ಮಹಾಂತ ಅಪ್ಪಗಳ ಜೋಳಿಗೆಗೆ ಹಾಕಿ ಆಣೆಮಾಡಿದ ಮೇಲೆ ಮನೆ ನೆಟ್ಟಗಾಯಿತೆಂದೂ ಅವಳೇ ತಿಳಿಸಿದಳು. ಈ ಊರಿನ ವಿಜಯಮಹಾಂತೇಶ ಮಠದ ಮಹಾಂತ ಸ್ವಾಮಿಗಳು ೧೯೭೫ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದವರು. ಅವರು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರು ಜನಿಸಿದ ಆಗಸ್ಟ್ ೧ನೆಯ ದಿನವನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಂತಹ ಮನೆಯ ಮಗಳನ್ನು ಸೋಮಾರಿಯೆಂಬಂತೆ ಜರೆದೆವಲ್ಲಾ ಎಂದು ನಮಗೆ ನಾಚಿಕೆಯಾಯಿತು. ಮರುದಿನ ತರಗತಿಯಲ್ಲಿ, ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ಹಿಂತೆಗೆದುಕೊಂಡೆವು.

ಅಂದು ಪಾಠದಲ್ಲಿದ್ದುದು ವಾಕ್ಯಗಳನ್ನು ಕೂಡಿಸುವ ಅಂಡ್, ಬಟ್, ಬಿಕಾಸ್ ಮೊದಲಾದ ಪದಗಳು. ಎಷ್ಟು ಸಲ ಹೇಳಿದರೂ ಹುಡುಗರಿಗೆ ಹತ್ತದ ವಿಷಯವದು. "ಇವು ಕೊಂಡಿಗಳು" ಎಂದೆವು. ಮತ್ತೆ ಹೇಳಬೇಕಾಗಲಿಲ್ಲ. ಆ ಮೇಲೆ ಅಜ್ಜಿಯೊಡನೆ ಒಂದು ಒಪ್ಪಂದವಾಯಿತು. ಕೊಂಡಿಯ ಕೆಲಸವನ್ನು ಆದಷ್ಟು ಮಟ್ಟಿಗೆ ಸಂಜೆಗೂ ಭಾನುವಾರಕ್ಕೂ ಇಟ್ಟುಕೊಳ್ಳತಕ್ಕದ್ದು. ನಾವು ಅಲ್ಲಿಗೇ ಹೋಗಿ, ಆಕೆಯ ಕೈಗಳು ಎಳೆಗಳನ್ನು ಕೂಡಿಸುತ್ತಿರುವಾಗ ಪಾಠವನ್ನು ಓದಿ ಕೇಳಿಸತಕ್ಕದ್ದು. ಹೀಗೆ ಆ ಚಳಿಗಾಲ ಕಳೆಯಿತು.

ಪುಷ್ಯಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ಜಾತ್ರೆ. ನಾಟಕ ಕಂಪನಿಗಳು ಅಲ್ಲಿ ಬೀಡುಬಿಟ್ಟು ರಾತ್ರಿಯೆಲ್ಲ ಆಟವಾಡುವುವು. ನಮ್ಮ ಸಂಸಾರದೊಡನೆ ಆ ಹುಡುಗಿಯೂ ಅಜ್ಜಿಯೂ ಬಂದಿದ್ದರು. ದೇವಿಯ ದರ್ಶನವಾದ ಮೇಲೆ ಬಾದಾಮಿಯ ಗುಹೆಗಳನ್ನು ಏರಿದೆವು. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಕ್ರಿ. ಶ. ೫೭೮ರ ಶಾಸನವಿದೆ. ಇಷ್ಟು ವರ್ಷಗಳ ಹಿಂದಿನ ಕೆಲಸವೆಂದು ನಾವು ವಿವರಿಸುತ್ತಿರಲು, ಅಜ್ಜಿ ಕಂಬದ ಮೇಲಿನ ಕೆತ್ತನೆಯನ್ನು ಬೆರಳಿನಿಂದ ತಡವಿ, "ಇದನ್ನ ಮಾಡಿದವನೂ ಯಾರಿಗರ ಕಲಿಸ್ಯಾನೋ ಇಲ್ಲೋ" ಎಂದಳು. ಆಗ ನಾವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹುಡುಗಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಳು; ಕಾಲೇಜನ್ನು ಸೇರಿದಳು. ೨೦೧೯ರಲ್ಲಿ ನಾವು ಇಳಕಲ್ಲನ್ನು ಬಿಟ್ಟು ಹೊರಟಾಗ ಆಕೆ ಪದವಿಯ ಓದಿಗಾಗಿ ಬಾಗಲಕೋಟೆಗೆ ಹೋಗುವ ಸಿದ್ಧತೆಯಲ್ಲಿದ್ದಳು. ಬೀಳ್ಕೊಳ್ಳಲು ಹೋದ ನಮ್ಮ ಮನೆಯವರ ಕೈಗೆ ಅಜ್ಜಿ ಒಂದು ಸೀರೆಯನ್ನು ಕೊಟ್ಟಳು. ಹಣ ಕೊಡಲು ಹೋದರೆ ಒಲ್ಲೆನೆಂದಳು. ಬಳಿಕ ನಮ್ಮ ಕಡೆಗೆ ತಿರುಗಿ, "ಗುರುಗಳ, ಅಕಿಗೆ ನೀವು ಇಂಗ್ಲೀಷ್ ಕಲಿಸಿದ್ರಿ, ಭಾಳ ಚಲೋ ಆತು. ಇನ್ನ ಕೊಂಡಿ ಯಾರಿಗೆ ಕಲಿಸ್ಲಿ?" ಎಂದು ಕೇಳಿದಳು. ಆ ಮಾತಿನಲ್ಲಿ ದೂರಿರಲಿಲ್ಲ. ಮೊಮ್ಮಗಳು ಕುಣಿಯಿಂದ ಮೇಲೇರಬೇಕೆಂಬ ಆಸೆ ಅವಳಿಗೇ ಎಲ್ಲರಿಗಿಂತ ಹೆಚ್ಚಾಗಿತ್ತು. ಆದರೂ ನಮಗೆ ಉತ್ತರ ತೋಚಲಿಲ್ಲ.

ಇಳಕಲ್ಲಿನ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೆ ಅದನ್ನು ಅನುಕರಿಸಿ ವಿದ್ಯುತ್ ಮಗ್ಗಗಳಲ್ಲಿ ನೇಯ್ದ ಅಗ್ಗದ ಸೀರೆಗಳೂ ಅದೇ ಹೆಸರಿನಿಂದ ಅಂಗಡಿಗಳಲ್ಲಿ ತೂಗಾಡುತ್ತಿವೆ. ಕೊಳ್ಳುವ ಗೃಹಿಣಿಯರು ಒಡಲು ಸೆರಗುಗಳು ಕೂಡುವ ಎಡೆಯಲ್ಲಿ ಒಮ್ಮೆ ಬೆರಳಾಡಿಸಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ಕೊಂಡಿ ಹಾಕಿದ ಸೀರೆಯಾದರೆ ಅಲ್ಲಿ ಎಳೆಗಳ ಸಣ್ಣ ಗೆರೆಯೊಂದು ಕೈಗೆ ತಿಳಿಯುತ್ತದೆ. ನಮ್ಮ ಮನೆಯವರು ಹಬ್ಬದ ದಿನ ಆ ಸೀರೆಯನ್ನು ಉಟ್ಟಾಗಲೆಲ್ಲ ನಮ್ಮ ಕಣ್ಣು ಆ ಗೆರೆಯ ಕಡೆಗೇ ಹೋಗುತ್ತದೆ. ಅಜ್ಜಿಯ ಪ್ರಶ್ನೆಯೂ ನೆನಪಾಗುತ್ತದೆ.