ಅಜ್ಜಿ ಮನೆಯ ಫ್ಯಾನಿನ ಕಂಡೆನ್ಸರ್

ಏಪ್ರಿಲ್‌ನ ಒಂದು ಶನಿವಾರ ನಾವು ಮೂವರು ಮಣಿಪಾಲದಿಂದ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿದ್ದೆವು, ನಮ್ಮಲ್ಲೊಬ್ಬನ ಅಜ್ಜಿ ಮನೆಗೆ. ಅಜ್ಜಿಯ ಕೋಣೆಯ ಫ್ಯಾನು ರೆಗ್ಯುಲೇಟರ್ 5ರಲ್ಲಿಟ್ಟರೂ ರೆಕ್ಕೆ ಎಣಿಸುವಷ್ಟು ನಿಧಾನ. ಸೆಕೆಗೆ ಅವರಿಗೆ ಎರಡು ವಾರದಿಂದ ಸರಿಯಾಗಿ ನಿದ್ದೆ ಇರಲಿಲ್ಲ. "ಇಂಜಿನಿಯರಿಂಗ್ ಅಲ್ವಾ ಕಲಿಯುವುದು? ಇದೊಂದು ನೋಡಿ ಮಕ್ಳೇ" ಅಂದರು.

ಮೈನ್ ಸ್ವಿಚ್ ಆಫ್ ಮಾಡಿ, ಫ್ಯಾನಿನ ಕಪ್ ಸರಿಸಿ, ಕೆಪಾಸಿಟರನ್ನು ರೆಸಿಸ್ಟರ್ ಹಿಡಿದು ಡಿಸ್ಚಾರ್ಜ್ ಮಾಡಿದೆವು. ಮೇಲೆ ಬರೆದದ್ದು 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಸಿ. ಮಲ್ಟಿಮೀಟರ್ ತೋರಿಸಿದ್ದು 1.6. ನಮ್ಮ ಖುಷಿ ಕೇಳಬೇಡಿ! ಬ್ಯಾಗಿನ ಲ್ಯಾಬ್ ಕಿಟ್‌ನಲ್ಲಿ 2.2ರ ಎಲೆಕ್ಟ್ರೊಲೈಟಿಕ್ ಇತ್ತು. ಹೆಚ್ಚುಕಡಿಮೆ ಅದೇ ವ್ಯಾಲ್ಯೂ, ಹಾಕುವ ಅಂದುಕೊಂಡೆವು. ಇನ್ಸುಲೇಷನ್ ಟೇಪ್ ಮಾತ್ರ ಇರಲಿಲ್ಲ.

ಟೇಪ್ ತರಲು ಹೋದಾಗ ಅಂಗಡಿಯವರು ನಮ್ಮ ಕೈಯಲ್ಲಿದ್ದದ್ದನ್ನು ನೋಡಿದರು. "ಎಂತ ಮಾರಾಯ್ರೆ, ಫ್ಯಾನಿಗೆ ಇದಾ? ಪಟಾಕಿ ಹೊಡೆದ ಹಾಗೆ ಆಗ್ತದೆ."

ಪರೀಕ್ಷೆಗೆ ನಾವು ವಿಧಗಳನ್ನೆಲ್ಲ ಬಾಯಿಪಾಠ ಮಾಡಿದವರೇ. 104 ಅಂತ ಬರೆದ ಸೆರಾಮಿಕ್ ಅಂದರೆ 100 ನ್ಯಾನೋಫ್ಯಾರಡ್, ಅದನ್ನು ನಿದ್ದೆಯಲ್ಲೂ ಹೇಳುತ್ತೇವೆ. ಎಲೆಕ್ಟ್ರೊಲೈಟಿಕ್‌ಗೆ ಪ್ಲಸ್, ಮೈನಸ್ ಇದೆ ಅಂತಲೂ ಗೊತ್ತಿತ್ತು. ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳು ಆಕ್ಸೈಡ್ ಪದರವೇ ಅದರ ಇನ್ಸುಲೇಟರ್. ವೋಲ್ಟೇಜ್ ತಿರುಗಿದರೆ ಆ ಪದರ ಕೆಡುತ್ತದೆ, ಒಳಗಿನ ದ್ರವ ಕಾದು ಗ್ಯಾಸ್ ತುಂಬುತ್ತದೆ, ಒಡೆಯುತ್ತದೆ. ಮನೆಯ ಕರೆಂಟು ಸೆಕೆಂಡಿಗೆ 50 ಸಲ ತಿರುಗಿ ಬರುತ್ತದೆ, ಪೀಕ್ 325 ವೋಲ್ಟ್. ನಮ್ಮದು 50 ವೋಲ್ಟಿನದ್ದು. ಅಜ್ಜಿಯ ಮಂಚ ಇರುವುದು ಸರಿಯಾಗಿ ಫ್ಯಾನಿನ ಕೆಳಗೆ.

ಅಂಗಡಿಯವರು ಕೊಟ್ಟದ್ದು ಫಿಲ್ಮ್ ಕೆಪಾಸಿಟರ್. (ಅವರ ಬಾಯಲ್ಲಿ ಕಂಡೆನ್ಸರ್. ಕನ್ನಡ ಪುಸ್ತಕದಲ್ಲಿ ಧಾರಕ. ನಾವು ಇಂಗ್ಲಿಷ್ ಮೀಡಿಯಂನವರಿಗೆ ಎರಡೂ ಹೊಸತು.) ಹಳೆಯದು ಯಾಕೆ ವೀಕ್ ಆಯ್ತು ಅಂತ ಆಮೇಲೆ ಓದಿದೆವು. ಪಾಲಿಪ್ರೊಪಿಲೀನ್ ಹಾಳೆಗೆ ಮೈಕ್ರಾನಿಗಿಂತಲೂ ತೆಳುವಾಗಿ ಲೋಹ ಲೇಪಿಸಿರುತ್ತಾರೆ. ಎಲ್ಲಾದರೂ ಒಂದು ಚುಕ್ಕೆಯಲ್ಲಿ ಶಾರ್ಟ್ ಆದರೆ ಸುತ್ತಲಿನ ಲೋಹ ಆವಿಯಾಗಿ, ಆ ಜಾಗ ತಾನೇ ಬೇರ್ಪಡುತ್ತದೆ. ಗಾಯ ವಾಸಿ, ಆದರೆ ಅಷ್ಟು ಏರಿಯಾ ಹೋಯ್ತು. ಹೀಗೆ ಚುಕ್ಕೆ ಚುಕ್ಕೆಯಾಗಿ ಕೆಪಾಸಿಟನ್ಸ್ ಇಳಿಯುತ್ತದೆ, ಫ್ಯಾನು ನಿಧಾನವಾಗುತ್ತದೆ. ಸಿ ಅಂದರೆ ಎಪ್ಸಿಲಾನ್ ಎ ಬೈ ಡಿ ಅಂತ ಎಷ್ಟು ಸಲ ಬರೆದಿಲ್ಲ! ಆ 'ಎ' ಕಡಿಮೆಯಾಗುವುದನ್ನು ಕಂಡದ್ದು ಅಜ್ಜಿಯ ಕೋಣೆಯಲ್ಲೇ.

ಕಾಪುವಿನ ಗೆಳೆಯನ ಮನೆಯಲ್ಲಿ ಟಿವಿಯ ಸೆಟ್‌ಟಾಪ್ ಬಾಕ್ಸ್ ಕೆಟ್ಟು ಕೂತಿದೆ. ಬಿಚ್ಚಿ ನೋಡಿದರೆ ಎಲೆಕ್ಟ್ರೊಲೈಟಿಕ್‌ನ ತಲೆ ಉಬ್ಬಿದೆ. ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಸುಮಾರು ಅರ್ಧ ಆಗ್ತದಂತೆ. ಬಟ್ಟೆ ಹೊದಿಸಿಟ್ಟ ಬಾಕ್ಸ್ ಅದು. ಈ ಸಲ ವೋಲ್ಟೇಜ್, ಪ್ಲಸ್, ಮೈನಸ್ ಎಲ್ಲ ಬರೆದುಕೊಂಡೇ ಅಂಗಡಿಗೆ ಹೋಗುವುದು.

ಅಜ್ಜಿ ಆ ರಾತ್ರಿ ಚಳಿ ಆಗ್ತದೆಂದು ಫ್ಯಾನನ್ನು 3ಕ್ಕೆ ಇಳಿಸಿ ಮಲಗಿದರು.