ಇಳಿದ ಬಾಗಿಲು

ಊರಿನಲ್ಲಿ ಮಳೆಗಾಲ ಬಂತೆಂದರೆ ಮನೆಯ ಹಿಂಬದಿಯ ಮರದ ಬಾಗಿಲು ನೆಲಕ್ಕೆ ಉಜ್ಜತೊಡಗುತ್ತಿತ್ತು. ಆಚಾರಿ ಬಂದು ಕೆಳಗಿನ ಅಂಚನ್ನು ನಾಲ್ಕು ಸಲ ಕೀಸುಳಿಯಿಂದ ಹೆರೆದು, ಚಹಾ ಕುಡಿದು ಹೋಗುತ್ತಿದ್ದರು. ಬೇಸಿಗೆಯಲ್ಲಿ ಅದೇ ಬಾಗಿಲಿನ ಅಡಿಯಿಂದ ಹಲ್ಲಿ ನುಸುಳುವಷ್ಟು ಸಂದು! ದೋಷ ಇರುವುದು ಬಿಜಾಗರಿಯಲ್ಲಿ, ಶಿಕ್ಷೆ ಮಾತ್ರ ಮರಕ್ಕೆ. ಈ ಮಾತು ನಮಗೆ ಅರ್ಥವಾಗಲು ಶಾರ್ಜಾದಲ್ಲಿ ಒಂದು ಹಳೆಯ ಕಾರಿನ ಬಾಗಿಲು ಜೋತುಬೀಳಬೇಕಾಯಿತು.

ನಾವೆಂದರೆ ಅಣ್ಣ-ತಮ್ಮ ಇಬ್ಬರು. ಹಳೆಯ ವಿಲ್ಲಾವೊಂದರ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ವಾಸ. 2016ರಲ್ಲಿ, ಊರಿಗೆ ಕಳುಹಿಸಿ ಉಳಿದದ್ದನ್ನು ಕೂಡಿಸಿ, 1991ರ ಮಾದರಿಯ ಷೆವರ್ಲೆ ಕಮಾರೊ ಕೊಂಡೆವು. ಈ ಕಾರಿನ ಮೂರನೆಯ ತಲೆಮಾರು ಅದು, 1982ರಿಂದ 1992ರ ಮಾದರಿಯವರೆಗೆ ಅಮೆರಿಕದಲ್ಲಿ ತಯಾರಾದದ್ದು. ಉದ್ದ ಮೂತಿ, ನೆಲಕ್ಕೆ ತಾಗುವಂತಿರುವ ಆಸನ, ಎರಡೇ ಬಾಗಿಲು. ಇಬ್ಬರು ಸಂಬಳದ ಆಳುಗಳಿಗೆ ಇಂತಹ ಕಾರು ಯಾಕೆ ಎಂದು ಕೇಳಿದವರಿಗೆ ನಾವು ಇಂದಿಗೂ ಸರಿಯಾದ ಉತ್ತರ ಕೊಟ್ಟಿಲ್ಲ. ಚಿಕ್ಕಂದಿನಲ್ಲಿ ಗಲ್ಫಿನಿಂದ ಬಂದವರ ಆಲ್ಬಮ್‌ಗಳಲ್ಲಿ ಜನ ಇಂತಹ ಕಾರುಗಳಿಗೆ ಒರಗಿ ನಿಂತಿರುತ್ತಿದ್ದರು, ಅಷ್ಟೇ ಕಾರಣವಿರಬಹುದು.

2019ರ ಜನವರಿಯಲ್ಲಿ ಉಮ್ಮ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದರು. ಉಮ್ಮನಿಗೆ ಎರಡೂ ಮೊಣಕಾಲು ಸವೆದಿದೆ. ಅಷ್ಟು ತಗ್ಗಿನ ಆಸನದಿಂದ ಏಳುವುದೆಂದರೆ ಬಾವಿಯಿಂದ ಹತ್ತಿದಂತೆ. ತೆರೆದ ಬಾಗಿಲಿನ ಮೇಲಂಚನ್ನು ಎರಡು ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಬಿಸ್ಮಿ ಹೇಳಿ ಏಳುತ್ತಿದ್ದರು. ಎರಡನೆಯ ತಿಂಗಳಲ್ಲಿ ಆ ಬದಿಯ ಬಾಗಿಲು ಮುಚ್ಚುವಾಗ ಕೆಳಗೆ ತಾಗಿ ಕಟ್ ಎನ್ನತೊಡಗಿತು. ಒಂದು ದಿನ ಅಂಗಡಿಯೆದುರು, ನಾಲ್ಕು ಜನರ ಮುಂದೆ, ನಮ್ಮ ಬಾಯಿಂದ ಮಾತು ಜಾರಿತು: “ಉಮ್ಮಾ, ಬಾಗಿಲಿಗೆ ಜೋತುಬೀಳಬೇಡಿ. ನೋಡಿ, ಹೇಗೆ ಇಳಿದುಹೋಗಿದೆ.”

ಯಾರು ಹೇಳಿದ್ದು ಎಂಬ ಚರ್ಚೆ ನಮ್ಮೊಳಗೆ ಬೇಡ. ಒಬ್ಬ ಹೇಳಿದ, ಇನ್ನೊಬ್ಬ ತಡೆಯಲಿಲ್ಲ.

ಉಮ್ಮ ಬೆಂಕಿ ತಾಗಿದವರಂತೆ ಕೈ ಹಿಂದೆ ತೆಗೆದರು. ಮತ್ತೆ ಹೊರಡುವವರೆಗೂ ಆ ಕಾರಿನಲ್ಲಿ ಕೂರಲಿಲ್ಲ. “ನನಗೆ ಟ್ಯಾಕ್ಸಿಯೇ ಒಳ್ಳೆಯದು ಮಕ್ಕಳೇ, ಎತ್ತರ ಇರುತ್ತದೆ” ಎಂದರು. ಊರಿಗೆ ಹೋದ ಮೇಲೂ ಫೋನಿನಲ್ಲಿ ಕೇಳುತ್ತಿದ್ದರು: “ಆ ಬಾಗಿಲು ಸರಿಯಾಯಿತಾ? ನನ್ನಿಂದ ನಿಮಗೆ ಖರ್ಚು.”

ಸರಿಪಡಿಸುವ ಹೆಸರಿನಲ್ಲಿ ಆಗ ನಾವು ಮಾಡಿದ್ದು ಆಚಾರಿಯ ಕೆಲಸವನ್ನೇ. ಬಾಗಿಲಿನ ಬೀಗ ಹೋಗಿ ಕಚ್ಚಿಕೊಳ್ಳುವ ಗೂಟವೊಂದು ಕಾರಿನ ಮೈಯಲ್ಲಿರುತ್ತದೆ. ಸ್ಟ್ರೈಕರ್ ಎನ್ನುತ್ತಾರೆ. ಬಾಗಿಲು ಕೆಳಗಿಳಿದಿದೆಯಲ್ಲ, ಗೂಟವನ್ನೂ ಕೆಳಗಿಳಿಸಿದೆವು. ಕಟ್ ಶಬ್ದ ನಿಂತಿತು. ಆದರೆ ಈ ಕಾರಿನ ಕಿಟಕಿಗೆ ಸುತ್ತ ಲೋಹದ ಚೌಕಟ್ಟಿಲ್ಲ. ಗಾಜು ನೇರವಾಗಿ ಮಾಡಿನ ರಬ್ಬರಿಗೇ ಒತ್ತಿ ಕೂರಬೇಕು. ಬಾಗಿಲು ಓರೆಯಾದರೆ ಗಾಜೂ ಓರೆ. ವೇಗ ಹೆಚ್ಚಿದಂತೆ ಗಾಳಿ ಸಿಳ್ಳೆ ಹೊಡೆಯುತ್ತಿತ್ತು, ತೊಳೆದಾಗ ನೀರು ಆಸನದ ಮೇಲೆ ಇಳಿಯುತ್ತಿತ್ತು. ಹಾಗೆಯೇ ನಾಲ್ಕು ವರ್ಷ ಕಳೆಯಿತು. ನಡುವೆ ಕೊರೋನಾ ಬಂತು, ಕೆಲಸ ಹೋಗಿ ಬಂತು, ಬಾಗಿಲನ್ನು ಯಾರು ಕೇಳುತ್ತಾರೆ?

2023ರ ಕೊನೆಗೆ ಉಮ್ಮ ಮತ್ತೆ ಬರುವುದೆಂದು ನಿಶ್ಚಯವಾಯಿತು. ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದರಲ್ಲಿ ಕೇಳಿದೆವು. ಅವರು ಬಾಗಿಲನ್ನು ಜಾಕ್‌ನಿಂದ ಮೇಲಕ್ಕೆ ಬಗ್ಗಿಸಿ ಕೊಡುತ್ತೇವೆ, ಹತ್ತು ನಿಮಿಷದ ಕೆಲಸ ಎಂದರು. ಬಗ್ಗಿಸಿದ್ದು ಮತ್ತೆ ಬಗ್ಗುವುದಿಲ್ಲ ಎಂಬ ಖಾತ್ರಿ ಇರಲಿಲ್ಲ. ಅಷ್ಟರಲ್ಲಿ, ಮಂಗಳೂರಿನಲ್ಲಿ ಹಿಂದೆ ಟಿಂಕರಿಂಗ್ ಮಾಡುತ್ತಿದ್ದ ನೆರೆಯ ಹಿರಿಯರೊಬ್ಬರು ಅಂಗಳಕ್ಕೆ ಬಂದು ಬಾಗಿಲನ್ನು ಅರ್ಧ ತೆರೆದರು. ಬೀಗದ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, “ನೀವು ಬಿಜಾಗರಿ ನೋಡಿ, ನಾನು ಎತ್ತುತ್ತೇನೆ” ಎಂದರು. ಬಿಜಾಗರಿಯ ಎರಡು ತುಂಡುಗಳ ನಡುವೆ ಪಿನ್ ಲೊಟಲೊಟ ಅಲುಗಾಡುತ್ತಿತ್ತು. “ಬಾಗಿಲು ಬಗ್ಗಿಲ್ಲ ಮಾರಾಯರೇ, ಬುಶ್ ಹೋಗಿದೆ.”

ನಾವು ಟೇಪು ಹಿಡಿದು ಅಳೆದೆವು. ಬಾಗಿಲಿನ ಉದ್ದ ಸುಮಾರು ನಾಲ್ಕಡಿ. ಅದನ್ನು ಹೊತ್ತಿರುವುದು ಒಂದರ ಮೇಲೊಂದರಂತೆ, ಅಡಿಗಿಂತ ತುಸು ಹೆಚ್ಚು ಅಂತರದಲ್ಲಿರುವ ಎರಡು ಬಿಜಾಗರಿಗಳು. ಅಲ್ಲಿ ಒಂದು ಮಿಲಿಮೀಟರು ಸಡಿಲವಾದರೆ ಬೀಗದ ತುದಿಯಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಸನ್ನೆಕೋಲಿನ ಲೆಕ್ಕ, ಎಂಟನೆಯ ತರಗತಿಯದ್ದು. ಹೊಸ ಪಿನ್ನು, ಬುಶ್ಶುಗಳ ಪೊಟ್ಟಣವನ್ನು ಅಮೆರಿಕದಿಂದ ತರಿಸಿದೆವು. ಇಬ್ಬರು ಹೋಟೆಲಿನಲ್ಲಿ ಉಂಡಷ್ಟೇ ಖರ್ಚು.

ಡಿಸೆಂಬರಿನ ಒಂದು ರಜೆಯ ದಿನ ಕೆಲಸಕ್ಕೆ ಇಳಿದೆವು. ಹಿಂದಿನ ರಾತ್ರಿಯೇ ಪಿನ್ನುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಕುಡಿಸಿದ್ದೆವು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದೆವು, ಏಕೆಂದರೆ ಕಿಟಕಿಯ ಮೋಟಾರಿನ ತಂತಿಗಳು ಬಾಗಿಲಿನೊಳಗೆ ಹೋಗುತ್ತವೆ. ತೆರೆದ ಬಾಗಿಲಿನ ಕೆಳಗೆ ಜಾಕ್ ಇಟ್ಟು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹಳೆಯ ಲುಂಗಿ ಮಡಚಿಟ್ಟೆವು, ಬಣ್ಣ ಕೀರದಿರಲೆಂದು. ಜಾಕನ್ನು ಏರಿಸಬೇಕಾದ್ದು ಬಾಗಿಲಿನ ಭಾರ ತಾಳುವಷ್ಟು ಮಾತ್ರ. ಹೆಚ್ಚಾದರೆ ಪಿನ್ ಇನ್ನಷ್ಟು ಬಿಗಿಯುತ್ತದೆ.

ಬಾಗಿಲನ್ನು ಪೂರ್ತಿ ಕಳಚುವ ಅಗತ್ಯವಿಲ್ಲ. ಒಂದು ಬಿಜಾಗರಿಯ ಕೆಲಸ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರೆ ಬಾಗಿಲು ತನ್ನ ಜಾಗದಲ್ಲೇ ಇರುತ್ತದೆ. ಹೆದರಿಕೆ ಇದ್ದದ್ದು ಸ್ಪ್ರಿಂಗಿನದು. ಬಾಗಿಲು ತೆರೆದಲ್ಲೇ ನಿಲ್ಲುವಂತೆ ಮಾಡಲು ಬಿಜಾಗರಿಯ ಬಳಿ ದಪ್ಪ ಸ್ಪ್ರಿಂಗೊಂದಿದೆ. ಜಾರಿದರೆ ಕಣ್ಣಿಗೇ ಬರುತ್ತದೆ. ಅದನ್ನು ಕ್ಲ್ಯಾಂಪಿನಲ್ಲಿ ಬಿಗಿದು, ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ತೆಗೆದೆವು. ಇಷ್ಟಾಗುವಾಗ ಅಸರ್ ಬಾಂಗ್ ಆಯಿತು.

ನಮಾಝ್ ಮುಗಿಸಿ ಬಂದು ಪಿನ್ನಿಗೆ ಸುತ್ತಿಗೆ ಕೊಟ್ಟೆವು. ಹತ್ತು ಏಟಿಗೆ ಕದಲದ್ದು ಹನ್ನೊಂದನೆಯದಕ್ಕೆ ಹೊರಬಂತು. ಬುಶ್ ಎಂದರೆ ಬೆರಳಿನ ಉಂಗುರದಂತಹ ಸಣ್ಣ ಕೊಳವೆ. ಹೊರಬಂದದ್ದನ್ನು ಅಂಗೈಯಲ್ಲಿಟ್ಟು ನೋಡಿದರೆ, ಒಂದು ಬದಿ ಗಟ್ಟಿಯಾಗಿದೆ, ಇನ್ನೊಂದು ಬದಿ ಕಾಗದದಷ್ಟು ತೆಳುವಾಗಿ ಹರಿದೇ ಹೋಗಿದೆ. ಹರಿದ ಅಂಚು ಕನ್ನಡಿಯಂತೆ ನುಣುಪು. ಇದು ಎರಡು ತಿಂಗಳಲ್ಲಿ ಆಗುವ ಸವೆತವಲ್ಲ. ದಿನಕ್ಕೆ ಒಂದಿಷ್ಟರಂತೆ ಎರಡು ಮೂರು ದಶಕ ಬೇಕು.

ಚಾಲಕನ ಬದಿಯದ್ದನ್ನೂ ಬಿಚ್ಚಿದೆವು. ಅದು ಇನ್ನೂ ಹೆಚ್ಚು ಸವೆದಿತ್ತು. ಆ ಬಾಗಿಲನ್ನು ಉಮ್ಮ ಒಮ್ಮೆಯೂ ಮುಟ್ಟಿದವರಲ್ಲ. ಅದನ್ನು ತುಸು ಎತ್ತಿ ಮುಚ್ಚುವ ಅಭ್ಯಾಸ ನಮ್ಮ ಕೈಗೆ ಎಂದೋ ಆಗಿಬಿಟ್ಟಿತ್ತು, ಹಾಗಾಗಿ ದೋಷವೆಂದೇ ಅನಿಸಿರಲಿಲ್ಲ. ಅದಕ್ಕೆ ಜೋತುಬಿದ್ದು ಏಳುತ್ತಿದ್ದವರು ನಾವೇ.

ಹೊಸ ಬುಶ್ಶುಗಳನ್ನು ಮೆಲ್ಲಗೆ ಬಡಿದು ಕೂರಿಸಿ, ಗ್ರೀಸ್ ಸವರಿ, ಪಿನ್ ಇಳಿಸುವಾಗ ಹೆಚ್ಚೇನೂ ಮಾತಾಡಲಿಲ್ಲ. ಬಾಗಿಲು ಎದ್ದು ನಿಂತಿತು. ಈಗ ನಾವು ಕೆಳಗಿಳಿಸಿದ್ದ ಗೂಟವನ್ನು ಮೇಲೆ ತರಬೇಕಿತ್ತು. ಅದರ ಹಳೆಯ ಜಾಗದಲ್ಲಿ ಬಣ್ಣದ ಉಂಗುರದ ಗುರುತು ಹಾಗೇ ಇತ್ತು. ನಕ್ಷತ್ರದಂತಹ ತಲೆಯ ಕೀಲಿಯಿಂದ ಸಡಿಲಿಸಿ, ಗುರುತಿಗೆ ಹೊಂದಿಸಿ, ಬಾಗಿಲನ್ನು ಮೆಲ್ಲ ತಂದು ಸುತ್ತಲ ಸಂದು ನೋಡಿ, ಮತ್ತೆ ಬಿಗಿದೆವು. ಆರೇಳು ಸಲ ಹೀಗೆ ಮಾಡಬೇಕಾಯಿತು. ಕೊನೆಗೆ ಗಾಜು ಮತ್ತು ರಬ್ಬರಿನ ನಡುವೆ ಹತ್ತು ರೂಪಾಯಿಯ ನೋಟು ಇಟ್ಟು ಮುಚ್ಚಿ ಎಳೆದೆವು. ಎಲ್ಲ ಕಡೆಯೂ ಬಿಗಿಯಾಗಿ ಹಿಡಿಯಿತು.

ಆ ರಾತ್ರಿ ಬೋಟಿಮ್‌ನಲ್ಲಿ ಉಮ್ಮನಿಗೆ ವಿಡಿಯೋ ಕರೆ ಮಾಡಿ ಎರಡು ಬದಿಯ ಬುಶ್ಶುಗಳನ್ನೂ ತೋರಿಸಿದೆವು. ತಪ್ಪು ನಿಮ್ಮದಲ್ಲ, ಕಾರು ನಮ್ಮ ಕೈಗೆ ಬರುವ ಮೊದಲೇ ಇದು ಸವೆದಿತ್ತು, ಅಂದು ಹಾಗೆ ಹೇಳಬಾರದಿತ್ತು ಎಂದೆವು. ಉಮ್ಮ ಕನ್ನಡಕ ಏರಿಸಿ ಪರದೆಗೆ ಹತ್ತಿರ ಬಂದು ನೋಡಿದರು. “ಹಾಗಾದರೆ ಅದಕ್ಕೂ ಮೊಣಕಾಲು ಹೋಗಿತ್ತಾ?” ಎಂದು ನಕ್ಕರು. ಆಮೇಲೆ ಸ್ವಲ್ಪ ತಡೆದು, “ನಾನು ಐದು ವರ್ಷದಿಂದ ನನ್ನದೇ ಎಂದುಕೊಂಡಿದ್ದೆ” ಎಂದರು.

2023ರ ಡಿಸೆಂಬರಿನಲ್ಲಿ ಅಮೆರಿಕದ ಕಾರ್ಖಾನೆ ಕಮಾರೊ ತಯಾರಿಕೆಯನ್ನೇ ನಿಲ್ಲಿಸಿತು. ಫೆಬ್ರವರಿಯಲ್ಲಿ ಉಮ್ಮ ಬಂದರು. ದುಬೈ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಹಪ್ಪಳ, ಉಪ್ಪಿನಕಾಯಿಯ ಪೆಟ್ಟಿಗೆಗಳನ್ನು ಹಿಂದೆ ತುಂಬಿ ಬಾಗಿಲು ತೆರೆದು ನಿಂತೆವು. ಉಮ್ಮ ಏನೂ ಹೇಳದೆ ಕೂತರು. ಮನೆಯೆದುರು ಇಳಿಯುವಾಗ ಎರಡೂ ಕಾಲು ಹೊರಗಿಟ್ಟರು, ಕೈ ತಾನಾಗಿ ಬಾಗಿಲಿನ ಅಂಚಿಗೆ ಹೋಯಿತು, ಅಲ್ಲೇ ನಿಂತಿತು.

“ಹಿಡಿಯಿರಿ ಉಮ್ಮಾ, ಏನೂ ಆಗುವುದಿಲ್ಲ.”

“ಬೇಡ” ಎಂದರು. ನಮ್ಮ ಒಬ್ಬೊಬ್ಬರ ಒಂದೊಂದು ಕೈ ಹಿಡಿದು ಎದ್ದರು. ಸೆರಗು ಸರಿಪಡಿಸಿಕೊಂಡು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು, “ಮೆಲ್ಲ ಮುಚ್ಚಿ” ಎಂದರು.